ವಿಂಗ್‌ಟೆಕ್ – ನೆಕ್ಸ್‌ಪೀರಿಯಾ ಪ್ರಕರಣ: ಷೇರು ಯಾರದು, ಸರಕು ಯಾರ ಕೈಯಲ್ಲಿ?

ಪ್ರಚಲಿತ ವಿದ್ಯಮಾನ – ಸಾರ್ವಜನಿಕರ ಮಾಹಿತಿಗಾಗಿ

2025ರ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಮೆಕ್ಸಿಕೋ ದೇಶದ ಸೆಲಾಯ ಎಂಬಲ್ಲಿರುವ ಹೋಂಡಾ ಸಂಸ್ಥೆಯ ಕಾರು ಕಾರ್ಖಾನೆಯಲ್ಲಿ ಉತ್ಪಾದನೆಯನ್ನು ನಿಲ್ಲಿಸಲಾಯಿತು. ಅದೇ ಅವಧಿಯಲ್ಲಿ, ಮೈಕೋ ಎಂಬ ಹಳೆಯ ಹೆಸರಿನಿಂದ ಬೆಂಗಳೂರಿನ ಜನತೆಗೆ ಪರಿಚಿತವಾದ ಬಾಷ್ ಸಮೂಹವು ಜರ್ಮನಿಯ ಜಾಲ್ಟ್ಸ್‌ಗಿಟರ್ ಘಟಕದಲ್ಲಿ ಕಾರ್ಮಿಕರ ಕೆಲಸದ ಅವಧಿಯನ್ನು ಕಡಿತಗೊಳಿಸಬೇಕಾಯಿತು. ಫೋಕ್ಸ್‌ವ್ಯಾಗನ್ ಸಂಸ್ಥೆಯೂ ಉತ್ಪಾದನೆಗೆ ಅಡಚಣೆಯಾಗಬಹುದೆಂಬ ಮುನ್ಸೂಚನೆಯನ್ನು ನೀಡಿತು. ಈ ಎಲ್ಲ ಕಾರ್ಖಾನೆಗಳಿಗೂ ಕೊರತೆಯಾದ ವಸ್ತು ಒಂದೇ: ಅಕ್ಕಿಕಾಳಿಗಿಂತಲೂ ಚಿಕ್ಕದಾದ, ಎರಡು ರೂಪಾಯಿಗೂ ಕಡಿಮೆ ಬೆಲೆಯ ವಿದ್ಯುನ್ಮಾನ ಬಿಡಿಭಾಗ. ಅದನ್ನು ತಯಾರಿಸುತ್ತಿದ್ದ ಸಂಸ್ಥೆ ನೆದರ್‌ಲ್ಯಾಂಡ್ಸ್ ದೇಶದ ನೆಕ್ಸ್‌ಪೀರಿಯಾ. ಅದರ ಸಂಪೂರ್ಣ ಷೇರು ಬಂಡವಾಳದ ಮಾಲೀಕತ್ವ ಚೀನಾ ದೇಶದ ವಿಂಗ್‌ಟೆಕ್ ಟೆಕ್ನಾಲಜಿ ಎಂಬ ಸಂಸ್ಥೆಯದು. ವಿಂಗ್‌ಟೆಕ್ ಸಂಸ್ಥೆಯಲ್ಲಿ ಚೀನಾ ಸರ್ಕಾರದ ಅಂಗಸಂಸ್ಥೆಗಳ ಹಣವೂ ಸೇರಿದೆ.

ಸದರಿ ಪ್ರಕರಣವು ಪತ್ರಿಕೆಗಳಲ್ಲಿ ಬಹುಮಟ್ಟಿಗೆ ಅಮೆರಿಕ ಮತ್ತು ಚೀನಾ ದೇಶಗಳ ವ್ಯಾಪಾರ ಕಲಹದ ಒಂದು ಅಧ್ಯಾಯವಾಗಿ ವರದಿಯಾಯಿತು. ಆದರೆ ಇದರಲ್ಲಿ ಅಡಗಿರುವ ಮೂಲ ಪ್ರಶ್ನೆಯು ನಮ್ಮ ನಾಗರಿಕರಿಗೆ, ಅದರಲ್ಲಿಯೂ ಕಂದಾಯ ದಾಖಲೆಗಳೊಂದಿಗೆ ವ್ಯವಹರಿಸಿದವರಿಗೆ, ಹೊಸದೇನಲ್ಲ. ಪಹಣಿ ಪತ್ರಿಕೆಯ ಒಂಬತ್ತನೆಯ ಕಾಲಂನಲ್ಲಿ ಖಾತೆದಾರರ ಹೆಸರು ಇರುತ್ತದೆ. ಹನ್ನೆರಡನೆಯ ಕಾಲಂನಲ್ಲಿ ಸಾಗುವಳಿದಾರರ ಹೆಸರು ಇರುತ್ತದೆ. ಎರಡೂ ಒಂದೇ ಹೆಸರಾಗಿದ್ದಾಗ ಯಾವ ಗೊಂದಲವೂ ಇಲ್ಲ. ಬೇರೆ ಬೇರೆಯಾದಾಗ ವ್ಯಾಜ್ಯ ಆರಂಭವಾಗುತ್ತದೆ. ನೆಕ್ಸ್‌ಪೀರಿಯಾ ವಿಷಯದಲ್ಲಿ ಖಾತೆ ಒಂದು ದೇಶದಲ್ಲಿ, ಕಾನೂನಿನ ಅಧಿಕಾರ ಮತ್ತೊಂದು ದೇಶದಲ್ಲಿ, ಸಾಗುವಳಿಯ ಅರ್ಧ ಭಾಗ ಅಲ್ಲಿ, ಉಳಿದರ್ಧ ಇಲ್ಲಿ ಎಂಬ ಸ್ಥಿತಿ ಉಂಟಾಯಿತು.

ಸಂಸ್ಥೆಯ ಹಿನ್ನೆಲೆ

ವಿಂಗ್‌ಟೆಕ್ ಸಂಸ್ಥೆಯನ್ನು 2006ರಲ್ಲಿ ಝಾಂಗ್ ಷುವೆಜೆಂಗ್ ಎಂಬ ಉದ್ಯಮಿ ಸ್ಥಾಪಿಸಿದರು. ಜೆಜಿಯಾಂಗ್ ಪ್ರಾಂತ್ಯದ ಜಿಯಾಷಿಂಗ್ ನಗರ ಇದರ ಕೇಂದ್ರ. ಆರಂಭದಲ್ಲಿ ಇದು ಮೊಬೈಲ್ ದೂರವಾಣಿಗಳನ್ನು ಇತರ ಕಂಪನಿಗಳ ಹೆಸರಿನಲ್ಲಿ ವಿನ್ಯಾಸಗೊಳಿಸಿ ತಯಾರಿಸಿಕೊಡುವ ಸಂಸ್ಥೆಯಾಗಿತ್ತು. ಶಿಯೋಮಿ, ಲೆನೊವೊ, ಸ್ಯಾಮ್‌ಸಂಗ್ ಮುಂತಾದ ಹೆಸರುಗಳಲ್ಲಿ ಮಾರಾಟವಾದ ಅನೇಕ ದೂರವಾಣಿಗಳು ವಾಸ್ತವವಾಗಿ ಸಿದ್ಧವಾದದ್ದು ಇಂತಹ ಸಂಸ್ಥೆಗಳಲ್ಲಿ. ಗ್ರಾಹಕರಿಗೆ ಈ ಹೆಸರು ಎಲ್ಲಿಯೂ ಕಾಣಸಿಗುವುದಿಲ್ಲ. ಆಂಧ್ರಪ್ರದೇಶದ ತಿರುಪತಿ ಸಮೀಪದ ಎಲೆಕ್ಟ್ರಾನಿಕ್ಸ್ ಕೈಗಾರಿಕಾ ಪ್ರದೇಶದಲ್ಲಿಯೂ ವಿಂಗ್‌ಟೆಕ್ ತನ್ನ ಘಟಕವೊಂದನ್ನು ಸ್ಥಾಪಿಸಿತ್ತು.

ಈ ಬಗೆಯ ತಯಾರಿಕೆಯಲ್ಲಿ ವಹಿವಾಟು ದೊಡ್ಡದು, ಲಾಭಾಂಶ ಅತ್ಯಲ್ಪ. ಆದಕಾರಣ ಸಂಸ್ಥೆಯು ಹೆಚ್ಚಿನ ಲಾಭವಿರುವ ಅರೆವಾಹಕ ಕ್ಷೇತ್ರದ ಕಡೆಗೆ ಗಮನ ಹರಿಸಿತು. ಅದಕ್ಕೆ ಒದಗಿಬಂದ ಅವಕಾಶವೇ ನೆಕ್ಸ್‌ಪೀರಿಯಾ.

ನೆಕ್ಸ್‌ಪೀರಿಯಾದ ವಂಶಾವಳಿ ಫಿಲಿಪ್ಸ್ ಸಂಸ್ಥೆಯಿಂದ ಆರಂಭವಾಗುತ್ತದೆ. ಫಿಲಿಪ್ಸ್ ತನ್ನ ಅರೆವಾಹಕ ವಿಭಾಗವನ್ನು 2006ರಲ್ಲಿ ಬೇರ್ಪಡಿಸಿದಾಗ ಎನ್.ಎಕ್ಸ್.ಪಿ. ಎಂಬ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಇದರ ವಿನ್ಯಾಸ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ. ಎನ್.ಎಕ್ಸ್.ಪಿ. ತನ್ನ ಸಾಮಾನ್ಯ ಬಿಡಿಭಾಗಗಳ ವಿಭಾಗವನ್ನು, ಅಂದರೆ ಡಯೋಡ್, ಟ್ರಾನ್ಸಿಸ್ಟರ್ ಮೊದಲಾದವುಗಳನ್ನು ತಯಾರಿಸುವ ಭಾಗವನ್ನು, ಮಾರಾಟ ಮಾಡಲು 2016ರಲ್ಲಿ ತೀರ್ಮಾನಿಸಿತು. ಚೀನಾದ ಎರಡು ಹೂಡಿಕೆ ಸಂಸ್ಥೆಗಳ ಕೂಟವು 275 ಕೋಟಿ ಡಾಲರ್ ಮೊತ್ತಕ್ಕೆ ಅದನ್ನು ಖರೀದಿಸಿತು. 2017ರ ಫೆಬ್ರವರಿಯಲ್ಲಿ ಮಾರಾಟ ಪೂರ್ಣಗೊಂಡು ನೆಕ್ಸ್‌ಪೀರಿಯಾ ಎಂಬ ಹೊಸ ಹೆಸರು ಬಂದಿತು. ಪ್ರಧಾನ ಕಚೇರಿಯು ನೈಮೇಖನ್ ನಗರದಲ್ಲಿಯೇ ಮುಂದುವರಿಯಿತು.

ನಂತರ ನಡೆದ ಷೇರು ವರ್ಗಾವಣೆಗಳನ್ನು ಸ್ವಲ್ಪ ವಿವರವಾಗಿ ನೋಡುವುದು ಸೂಕ್ತ. ಖರೀದಿಗೆ ಹಣ ಹೂಡಿದವರಲ್ಲಿ ಆನ್‌ಹುಯಿ ಪ್ರಾಂತ್ಯದ ಹೆಫೇ ನಗರಾಡಳಿತದ ಹೂಡಿಕೆ ನಿಧಿಯೂ ಒಂದಾಗಿತ್ತು. ಆ ನಿಧಿಯ ಪಾಲನ್ನು 2018ರಲ್ಲಿ ಬಹಿರಂಗ ಹರಾಜಿಗೆ ಇಡಲಾಯಿತು. ವಿಂಗ್‌ಟೆಕ್ ನೇತೃತ್ವದ ಕೂಟವು ಸುಮಾರು 1,143 ಕೋಟಿ ಯುವಾನ್ ಮೊತ್ತಕ್ಕೆ ಅದನ್ನು ಪಡೆಯಿತು. ತದನಂತರ ಹಂತಹಂತವಾಗಿ ಉಳಿದ ಪಾಲುಗಳನ್ನು ಕೊಂಡು 2019ರ ಕೊನೆಯ ವೇಳೆಗೆ ಸಂಸ್ಥೆಯ ಮೇಲೆ ಹಿಡಿತ ಸಾಧಿಸಿತು. ವಿಂಗ್‌ಟೆಕ್ ಗಾತ್ರದ ಕಂಪನಿಗೆ ಇದು ತನ್ನ ಶಕ್ತಿಗೆ ಮೀರಿದ ಖರೀದಿ. ಹೀಗಾಗಿ ಹೊಸ ಷೇರುಗಳನ್ನು ವಿತರಿಸಿ ಹಣ ಸಂಗ್ರಹಿಸಲಾಯಿತು. ಕುನ್‌ಮಿಂಗ್ ಮತ್ತು ವುಷಿ ನಗರಗಳ ಸರ್ಕಾರಿ ಹೂಡಿಕೆ ಸಂಸ್ಥೆಗಳು, ಹವಾನಿಯಂತ್ರಣ ಯಂತ್ರಗಳಿಗೆ ಹೆಸರಾದ ಗ್ರೀ ಸಂಸ್ಥೆ ಮುಂತಾದವು ಈ ರೀತಿಯಲ್ಲಿ ಷೇರುದಾರರಾದವು.

ನಮ್ಮ ದೇಶದ ಸಾರ್ವಜನಿಕ ಉದ್ಯಮಗಳ ವಿಷಯದಲ್ಲಿ ಸರ್ಕಾರದ ಪಾಲು ಶೇ. 51ಕ್ಕಿಂತ ಕಡಿಮೆಯಿಲ್ಲ ಎಂಬುದು ಸ್ಪಷ್ಟವಾಗಿರುತ್ತದೆ. ವಿಂಗ್‌ಟೆಕ್ ವಿಷಯದಲ್ಲಿ ಹಾಗಿಲ್ಲ. ಅದು ಶಾಂಘೈ ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾದ ಖಾಸಗಿ ಸ್ವರೂಪದ ಕಂಪನಿ. ನಗರಾಡಳಿತಗಳ ಮತ್ತು ಸರ್ಕಾರಿ ನಿಧಿಗಳ ಮೂಲಕ ಪರೋಕ್ಷವಾಗಿ ಸರ್ಕಾರದ್ದೆನ್ನಬಹುದಾದ ಪಾಲು ಸುಮಾರು ಶೇ. 30ರಷ್ಟು ಎಂದು ವಿಶ್ಲೇಷಕರು ಅಂದಾಜಿಸಿದ್ದರು. ಶೇ. 30ರಷ್ಟು ಪಾಲು ಹಲವು ಕೈಗಳಲ್ಲಿ ಹಂಚಿಹೋಗಿರುವಾಗ ಅದನ್ನು ಹೂಡಿಕೆ ಎನ್ನಬೇಕೇ, ನಿಯಂತ್ರಣ ಎನ್ನಬೇಕೇ ಎಂಬುದಕ್ಕೆ ಆಯವ್ಯಯ ಪಟ್ಟಿಯಲ್ಲಿ ಉತ್ತರ ದೊರೆಯುವುದಿಲ್ಲ. ಸಂಸ್ಥೆಯು ತಾನು ವಾಣಿಜ್ಯ ಉದ್ದೇಶದಿಂದ ಮಾತ್ರ ನಡೆಯುತ್ತಿರುವುದಾಗಿ ಹೇಳುತ್ತಾ ಬಂದಿದೆ. ಪಾಶ್ಚಾತ್ಯ ಸರ್ಕಾರಗಳು ಆ ಮಾತನ್ನು ಕ್ರಮೇಣ ಒಪ್ಪದಾದವು.

ಮೊದಲ ತಕರಾರು

ಈ ಅಸಮ್ಮತಿ ಮೊದಲು ವ್ಯಕ್ತವಾದದ್ದು ಬ್ರಿಟನ್ನಿನಲ್ಲಿ. ನೆಕ್ಸ್‌ಪೀರಿಯಾ 2021ರ ಜುಲೈನಲ್ಲಿ ದಕ್ಷಿಣ ವೇಲ್ಸ್‌ನ ನ್ಯೂಪೋರ್ಟ್ ವೇಫರ್ ಕಾರ್ಖಾನೆಯನ್ನು ತನ್ನದಾಗಿಸಿಕೊಂಡಿತು. 2021ರಲ್ಲಿ ಅಂಗೀಕಾರವಾದ ರಾಷ್ಟ್ರೀಯ ಭದ್ರತೆ ಮತ್ತು ಹೂಡಿಕೆ ಕಾಯಿದೆಯನ್ವಯ ಬ್ರಿಟಿಷ್ ಸರ್ಕಾರವು ಖರೀದಿಯನ್ನು ಮರುಪರಿಶೀಲಿಸಿ, 2022ರ ನವೆಂಬರ್‌ನಲ್ಲಿ ಕನಿಷ್ಠ ಶೇ. 86ರಷ್ಟು ಪಾಲನ್ನು ಮಾರಾಟ ಮಾಡುವಂತೆ ಆದೇಶಿಸಿತು. ಅಂತಿಮವಾಗಿ ಅಮೆರಿಕದ ವಿಷೇ ಸಂಸ್ಥೆಯು 17.7 ಕೋಟಿ ಡಾಲರ್‌ಗೆ ಅದನ್ನು ಖರೀದಿಸಿತು. 2024ರ ಮಾರ್ಚ್‌ನಲ್ಲಿ ಹಸ್ತಾಂತರ ಪೂರ್ಣಗೊಂಡಿತು. ಮುಗಿದುಹೋದ ವ್ಯವಹಾರವೊಂದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ ರದ್ದುಪಡಿಸುವುದು ಹೂಡಿಕೆದಾರರಿಗೆ ಅನ್ಯಾಯವೆಂದು ಆಗ ನೆಕ್ಸ್‌ಪೀರಿಯಾ ಆಕ್ಷೇಪಿಸಿತ್ತು. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳಲಾಗದು.

ಎರಡನೆಯ ಪೆಟ್ಟು ಅಮೆರಿಕದಿಂದ ಬಂದಿತು. 2024ರ ಡಿಸೆಂಬರ್ 2ರಂದು ಅಮೆರಿಕದ ವಾಣಿಜ್ಯ ಇಲಾಖೆಯು ವಿಂಗ್‌ಟೆಕ್ ಸಂಸ್ಥೆಯನ್ನು ತನ್ನ ನಿರ್ಬಂಧಿತ ಸಂಸ್ಥೆಗಳ ಪಟ್ಟಿಗೆ ಸೇರಿಸಿತು. ಈ ಪಟ್ಟಿಯಲ್ಲಿರುವವರಿಗೆ ಅಮೆರಿಕದ ತಂತ್ರಜ್ಞಾನವನ್ನಾಗಲಿ ಉಪಕರಣಗಳನ್ನಾಗಲಿ ಅನುಮತಿಯಿಲ್ಲದೆ ಪೂರೈಸುವಂತಿಲ್ಲ. ದೂರವಾಣಿ ತಯಾರಿಕೆಯ ಗ್ರಾಹಕರು ಹಿಂದೆ ಸರಿಯುವ ಭಯದಿಂದ ವಿಂಗ್‌ಟೆಕ್ ತನ್ನ ಮೂಲ ಕಸುಬನ್ನೇ ಲಕ್ಸ್‌ಶೇರ್ ಎಂಬ ಮತ್ತೊಂದು ಚೀನೀ ಸಂಸ್ಥೆಗೆ ಮಾರಲು ನಿರ್ಧರಿಸಿತು. ಭಾರತದಲ್ಲಿನ ಆಸ್ತಿಗಳೂ ಆ ಪಟ್ಟಿಯಲ್ಲಿ ಸೇರಿದ್ದವು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ಹೇಳುವುದಾದರೆ, 2024ರಲ್ಲಿ ವಿಂಗ್‌ಟೆಕ್ ವಹಿವಾಟು ಸುಮಾರು 7,360 ಕೋಟಿ ಯುವಾನ್ ಆಗಿದ್ದು, ಸುಮಾರು 283 ಕೋಟಿ ಯುವಾನ್ ನಿವ್ವಳ ನಷ್ಟ ಉಂಟಾಯಿತು. ವಹಿವಾಟಿನಲ್ಲಿ ಅರೆವಾಹಕಗಳ ಪಾಲು ಐದನೆಯ ಒಂದು ಭಾಗದಷ್ಟು ಮಾತ್ರ. ಆದರೆ ಲಾಭ ತರುತ್ತಿದ್ದ ಭಾಗ ಅದೇ. ದೂರವಾಣಿ ತಯಾರಿಕೆಯನ್ನು ಮಾರಿದ ಬಳಿಕ ಸಂಸ್ಥೆಯ ಬಳಿ ಉಳಿಯುವುದು ಮುಖ್ಯವಾಗಿ ನೆಕ್ಸ್‌ಪೀರಿಯಾ ಒಂದೇ ಎಂಬ ಸ್ಥಿತಿಯಲ್ಲಿ 2025ರ ಸೆಪ್ಟೆಂಬರ್ ತಿಂಗಳು ಬಂದಿತು.

2025ರ ಸೆಪ್ಟೆಂಬರ್ – ಅಕ್ಟೋಬರ್

ಸೆಪ್ಟೆಂಬರ್ 29ರಂದು ಅಮೆರಿಕವು ಹೊಸ ನಿಯಮವೊಂದನ್ನು ಪ್ರಕಟಿಸಿತು. ಅದರಂತೆ ನಿರ್ಬಂಧಿತ ಸಂಸ್ಥೆಯು ಶೇ. 50 ಅಥವಾ ಅದಕ್ಕಿಂತ ಹೆಚ್ಚಿನ ಪಾಲು ಹೊಂದಿರುವ ಅಂಗಸಂಸ್ಥೆಗಳೂ ತಾವಾಗಿಯೇ ನಿರ್ಬಂಧಕ್ಕೆ ಒಳಪಡುತ್ತವೆ. ನೆಕ್ಸ್‌ಪೀರಿಯಾ ಈ ವ್ಯಾಪ್ತಿಗೆ ನೇರವಾಗಿ ಬಂದಿತು. ಮರುದಿನವೇ, ಸೆಪ್ಟೆಂಬರ್ 30ರಂದು, ನೆದರ್‌ಲ್ಯಾಂಡ್ಸ್ ಸರ್ಕಾರದ ಆರ್ಥಿಕ ವ್ಯವಹಾರಗಳ ಸಚಿವರಾಗಿದ್ದ ವಿನ್ಸೆಂಟ್ ಕಾರೆಮನ್ಸ್ ಅವರು ಸರಕುಗಳ ಲಭ್ಯತೆ ಕಾಯಿದೆಯ ಅಡಿಯಲ್ಲಿ ನೆಕ್ಸ್‌ಪೀರಿಯಾ ಕುರಿತು ಆದೇಶ ಹೊರಡಿಸಿದರು.

ಸದರಿ ಕಾಯಿದೆಯು 1952ರದು. ಎರಡನೆಯ ಮಹಾಯುದ್ಧದ ಅಭಾವದ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ತುರ್ತು ಸಂದರ್ಭದಲ್ಲಿ ಅವಶ್ಯಕ ಸರಕುಗಳು ದೇಶಕ್ಕೆ ದೊರೆಯುವಂತೆ ನೋಡಿಕೊಳ್ಳಲು ರಚಿಸಿದ್ದು. ನಮ್ಮಲ್ಲಿ 1955ರ ಅವಶ್ಯಕ ವಸ್ತುಗಳ ಕಾಯಿದೆಯು ಪಡಿತರ, ಸೀಮೆಎಣ್ಣೆ, ರಸಗೊಬ್ಬರಗಳ ಸಂಬಂಧದಲ್ಲಿ ದಿನನಿತ್ಯ ಬಳಕೆಯಲ್ಲಿದ್ದರೆ, ನೆದರ್‌ಲ್ಯಾಂಡ್ಸ್‌ನ ಈ ಕಾಯಿದೆಯು ಅದುವರೆಗೆ ಒಮ್ಮೆಯೂ ಈ ರೀತಿ ಪ್ರಯೋಗವಾಗಿರಲಿಲ್ಲ. ಆದೇಶದ ಮೂಲಕ ಕಂಪನಿಯನ್ನು ರಾಷ್ಟ್ರೀಕರಣಗೊಳಿಸಲಿಲ್ಲ, ಉತ್ಪಾದನೆಯನ್ನೂ ನಿಲ್ಲಿಸಲಿಲ್ಲ. ಒಂದು ವರ್ಷದ ಅವಧಿಗೆ ಆಸ್ತಿ, ತಾಂತ್ರಿಕ ಹಕ್ಕುಗಳು, ಸಿಬ್ಬಂದಿ ಮುಂತಾದವುಗಳಲ್ಲಿ ಸರ್ಕಾರದ ಅನುಮತಿಯಿಲ್ಲದೆ ಬದಲಾವಣೆ ಮಾಡತಕ್ಕದ್ದಲ್ಲ ಎಂದು ವಿಧಿಸಲಾಯಿತು.

ಅಕ್ಟೋಬರ್ 1ರಂದು ಸಂಸ್ಥೆಯ ಹಿರಿಯ ಯುರೋಪಿಯನ್ ಅಧಿಕಾರಿಗಳು ಆಮ್‌ಸ್ಟರ್‌ಡ್ಯಾಂ ಮೇಲ್ಮನವಿ ನ್ಯಾಯಾಲಯದ ಉದ್ಯಮ ಪೀಠಕ್ಕೆ ಅರ್ಜಿ ಸಲ್ಲಿಸಿದರು. ಅರ್ಜಿಯಲ್ಲಿನ ಆರೋಪಗಳು ಭೂರಾಜಕೀಯಕ್ಕೆ ಸಂಬಂಧಿಸಿದವಲ್ಲ, ಶುದ್ಧ ಲೆಕ್ಕಪತ್ರಕ್ಕೆ ಸಂಬಂಧಿಸಿದವು. ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಝಾಂಗ್ ಅವರು ಶಾಂಘೈನಲ್ಲಿರುವ ತಮ್ಮದೇ ಹಿತಾಸಕ್ತಿಯ ವೇಫರ್ ಕಾರ್ಖಾನೆಯಿಂದ ಅವಶ್ಯಕತೆಗಿಂತ ಬಹಳ ಹೆಚ್ಚಿನ ಸರಕಿಗೆ ಬೇಡಿಕೆ ಸಲ್ಲಿಸುವಂತೆ ಒತ್ತಾಯಿಸಿದರೆಂದೂ, ಸುಮಾರು 7ರಿಂದ 8 ಕೋಟಿ ಡಾಲರ್ ಸರಕು ಸಾಕಾಗಿದ್ದಲ್ಲಿ 20 ಕೋಟಿ ಡಾಲರ್‌ವರೆಗಿನ ಬೇಡಿಕೆಯನ್ನು ಇಡಲಾಯಿತೆಂದೂ, ವಿರೋಧಿಸಿದ ಹಣಕಾಸು ಅಧಿಕಾರಿಗಳ ಬ್ಯಾಂಕ್ ಅಧಿಕಾರವನ್ನು ಹಿಂಪಡೆಯಲಾಯಿತೆಂದೂ ಆರೋಪಿಸಲಾಗಿತ್ತು. ವಿಂಗ್‌ಟೆಕ್ ಇವುಗಳನ್ನು ನಿರಾಕರಿಸಿತು. ಸಂಸ್ಥೆಯ ಆಡಳಿತದ ಬಗ್ಗೆ ಸಂದೇಹಪಡಲು ಸಕಾರಣಗಳಿವೆ ಎಂದು ಅಭಿಪ್ರಾಯಪಟ್ಟ ನ್ಯಾಯಾಲಯವು ಅಕ್ಟೋಬರ್ 7ರಂದು ಝಾಂಗ್ ಅವರನ್ನು ಹುದ್ದೆಯಿಂದ ಅಮಾನತಿನಲ್ಲಿರಿಸಿ, ನಿರ್ಣಾಯಕ ಮತವುಳ್ಳ ಸ್ವತಂತ್ರ ನಿರ್ದೇಶಕರನ್ನು ನೇಮಿಸಿತು. ಒಂದು ಷೇರನ್ನು ಹೊರತುಪಡಿಸಿ ಉಳಿದ ಷೇರುಗಳ ನಿರ್ವಹಣೆಯನ್ನು ಪಾಲಕರಿಗೆ ವಹಿಸಲಾಯಿತು. ಅಂದರೆ ವಿಂಗ್‌ಟೆಕ್ ಮಾಲೀಕನಾಗಿ ಉಳಿಯಿತು, ಆದರೆ ಮತದಾನದ ಹಕ್ಕು ಕೈತಪ್ಪಿತು.

ಈ ಕ್ರಮಕ್ಕೆ ಆಡಳಿತದ ಲೋಪವೇ ಕಾರಣ, ಅಮೆರಿಕದ ಒತ್ತಡವಲ್ಲ ಎಂದು ನೆದರ್‌ಲ್ಯಾಂಡ್ಸ್ ಸರ್ಕಾರ ಸ್ಪಷ್ಟೀಕರಣ ನೀಡಿತು. ಆದರೆ ನಿರ್ಬಂಧದಿಂದ ವಿನಾಯಿತಿ ದೊರೆಯಬೇಕಾದಲ್ಲಿ ಮುಖ್ಯ ಕಾರ್ಯನಿರ್ವಾಹಕರನ್ನು ಬದಲಾಯಿಸಬೇಕಾದೀತು ಎಂದು ಅಮೆರಿಕದ ಅಧಿಕಾರಿಗಳು 2025ರ ಜೂನ್‌ನಲ್ಲಿಯೇ ತಿಳಿಸಿದ್ದ ಸಂಗತಿ ನ್ಯಾಯಾಲಯದ ದಾಖಲೆಗಳಿಂದ ಬಹಿರಂಗವಾಯಿತು. ಎರಡೂ ಕಾರಣಗಳು ಏಕಕಾಲಕ್ಕೆ ನಿಜವಾಗಿರಲು ಅಡ್ಡಿಯಿಲ್ಲ. ಸೆಪ್ಟೆಂಬರ್ 29 ಮತ್ತು 30 ಎಂಬ ದಿನಾಂಕಗಳು ಅಕ್ಕಪಕ್ಕದಲ್ಲಿರುವುದನ್ನಂತೂ ಯಾವ ಸ್ಪಷ್ಟೀಕರಣವೂ ಅಳಿಸಲಾರದು.

ಕಡತದಿಂದ ಕಾರ್ಖಾನೆಗೆ

ಇಲ್ಲಿಯವರೆಗೆ ಎಲ್ಲವೂ ಕಾಗದದ ಮೇಲಿನ ವ್ಯವಹಾರ. ಅಕ್ಟೋಬರ್ 4ರಂದು ಚೀನಾದ ವಾಣಿಜ್ಯ ಸಚಿವಾಲಯವು ನೀಡಿದ ಉತ್ತರವು ಸರಕಿನ ರೂಪದಲ್ಲಿತ್ತು. ನೆಕ್ಸ್‌ಪೀರಿಯಾದ ಚೀನಾ ಘಟಕವಾಗಲಿ ಅದರ ಉಪಗುತ್ತಿಗೆದಾರರಾಗಲಿ ಅಲ್ಲಿ ತಯಾರಾದ ನಿರ್ದಿಷ್ಟ ಬಿಡಿಭಾಗಗಳನ್ನು ರಫ್ತು ಮಾಡುವಂತಿಲ್ಲ ಎಂದು ಆದೇಶಿಸಲಾಯಿತು. ಈ ಒಂದು ಆದೇಶ ಯುರೋಪಿನ ಕಾರು ಕಾರ್ಖಾನೆಗಳನ್ನು ಏಕೆ ನಡುಗಿಸಿತೆಂಬುದನ್ನು ತಿಳಿಯಲು ಬಿಡಿಭಾಗ ತಯಾರಾಗುವ ಬಗೆಯನ್ನು ಅರಿಯುವುದು ಅವಶ್ಯಕ.

ನೆಕ್ಸ್‌ಪೀರಿಯಾ ಜರ್ಮನಿಯ ಹ್ಯಾಂಬರ್ಗ್ ಮತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಘಟಕಗಳಲ್ಲಿ ಸಿಲಿಕಾನ್ ಬಿಲ್ಲೆಗಳನ್ನು, ಅಂದರೆ ವೇಫರ್‌ಗಳನ್ನು, ಸಂಸ್ಕರಿಸುತ್ತದೆ. ಊಟದ ತಟ್ಟೆಯಷ್ಟು ಅಗಲದ ಒಂದು ಬಿಲ್ಲೆಯಲ್ಲಿ ಸಾವಿರಾರು ಸೂಕ್ಷ್ಮ ಬಿಡಿಭಾಗಗಳು ಮೂಡಿರುತ್ತವೆ. ಆದರೆ ಆ ಸ್ಥಿತಿಯಲ್ಲಿ ಅವು ಯಾವ ಉಪಯೋಗಕ್ಕೂ ಬಾರವು. ಬಿಲ್ಲೆಯನ್ನು ಕತ್ತರಿಸಿ, ಪ್ರತಿಯೊಂದು ತುಣುಕಿಗೂ ಲೋಹದ ಕಾಲುಗಳನ್ನು ಜೋಡಿಸಿ, ಪ್ಲಾಸ್ಟಿಕ್ ಕವಚ ತೊಡಿಸಿ, ಪರೀಕ್ಷಿಸಿ, ಸುರುಳಿಯಲ್ಲಿ ಸುತ್ತಿ ಕಳುಹಿಸಬೇಕು. ಪ್ಯಾಕೇಜಿಂಗ್ ಎಂದು ಕರೆಯಲಾಗುವ ಈ ಕೆಲಸ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಡಾಂಗ್‌ಗುವಾನ್, ಮಲೇಷ್ಯಾದ ಸೆರೆಂಬಾನ್, ಫಿಲಿಪ್ಪೀನ್ಸ್‌ನ ಕಬುಯಾವ್ ಘಟಕಗಳಲ್ಲಿ ನಡೆಯುತ್ತದೆ. ಇವುಗಳ ಪೈಕಿ ಡಾಂಗ್‌ಗುವಾನ್ ದೊಡ್ಡದು. ಯುರೋಪಿನಲ್ಲಿ ತಯಾರಾದ ಸರಕಿನ ಶೇ. 70ರಷ್ಟು ಅಲ್ಲಿಗೆ ಹೋಗುತ್ತಿತ್ತು. ಭತ್ತ ಬೆಳೆದವರು ಒಂದೂರಿನವರು, ಅಕ್ಕಿ ಗಿರಣಿ ಮತ್ತೊಂದು ಊರಿನಲ್ಲಿ. ಗಿರಣಿಗೆ ಬೀಗ ಬಿದ್ದರೆ ಕಣಜ ತುಂಬಿದ್ದೂ ಅನ್ನವಿಲ್ಲ.

ಅಕ್ಟೋಬರ್ ಕಳೆಯುವಷ್ಟರಲ್ಲಿ ಬಿರುಕು ಎರಡೂ ಕಡೆಯಿಂದ ಅಗಲವಾಯಿತು. ಚೀನಾ ಘಟಕವು ತಾನು ಸ್ವತಂತ್ರವಾಗಿ ಕಾರ್ಯನಿರ್ವಹಿಸುವುದಾಗಿಯೂ, ನೈಮೇಖನ್ ಕಚೇರಿಯ ಸೂಚನೆಗಳನ್ನು ಸಿಬ್ಬಂದಿ ಪಾಲಿಸಬೇಕಾಗಿಲ್ಲವೆಂದೂ ತಿಳಿಸಿತು. ಪ್ರಧಾನ ಕಚೇರಿಯು, ಚೀನಾ ಘಟಕವು ಪಾವತಿಯ ಷರತ್ತುಗಳನ್ನು ಪಾಲಿಸುತ್ತಿಲ್ಲವೆಂಬ ಕಾರಣ ನೀಡಿ, ಅಕ್ಟೋಬರ್ 26ರಿಂದ ಡಾಂಗ್‌ಗುವಾನ್‌ಗೆ ವೇಫರ್ ಕಳುಹಿಸುವುದನ್ನು ನಿಲ್ಲಿಸಿತು. ಗಿರಣಿಗೆ ಬೀಗವೂ ಬಿದ್ದಿತು, ಭತ್ತವೂ ಬರದಾಯಿತು.

ಸಿ ವರ್ಗದ ಸರಕು

ನೆಕ್ಸ್‌ಪೀರಿಯಾ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಅಧಿಕ ಬಿಡಿಭಾಗಗಳನ್ನು ತಯಾರಿಸುತ್ತದೆ. 2024ರಲ್ಲಿ ಅದರ ವಹಿವಾಟು ಸುಮಾರು 206 ಕೋಟಿ ಡಾಲರ್. ಭಾಗಿಸಿ ನೋಡಿದಲ್ಲಿ ಒಂದು ಬಿಡಿಭಾಗಕ್ಕೆ ಸರಾಸರಿ ಎರಡು ಸೆಂಟ್ ಬರುತ್ತದೆ. ನಮ್ಮ ಹಣದಲ್ಲಿ ಎರಡು ರೂಪಾಯಿಗೂ ಕಡಿಮೆ. ಕಾರಿನ ದೀಪ, ಕಿಟಕಿಯ ಗಾಜು ಏರಿಳಿಸುವ ಮೋಟಾರು, ಗಾಳಿಚೀಲ, ಬ್ರೇಕಿನ ನಿಯಂತ್ರಣ ಮುಂತಾಗಿ ನೂರಾರು ಕಡೆ ಇವು ಬಳಕೆಯಾಗುತ್ತವೆ. ಇವುಗಳಲ್ಲಿ ರಹಸ್ಯ ತಂತ್ರಜ್ಞಾನವೇನೂ ಇಲ್ಲ. ಕೃತಕ ಬುದ್ಧಿಮತ್ತೆಯ ಚಿಪ್‌ಗಳ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಇವುಗಳ ಹೆಸರು ಸಹ ಬರುವುದಿಲ್ಲ.

ವೆಚ್ಚ ಲೆಕ್ಕಶಾಸ್ತ್ರದಲ್ಲಿ ದಾಸ್ತಾನು ನಿಯಂತ್ರಣಕ್ಕೆ ಎ.ಬಿ.ಸಿ. ವಿಶ್ಲೇಷಣೆ ಎಂಬ ಕ್ರಮವಿದೆ. ಬೆಲೆಬಾಳುವ ಕೆಲವೇ ವಸ್ತುಗಳು ಎ ವರ್ಗಕ್ಕೆ ಸೇರಿದ್ದು ಅವುಗಳ ಮೇಲೆ ಕಟ್ಟುನಿಟ್ಟಿನ ನಿಗಾ ಇರುತ್ತದೆ. ಸಂಖ್ಯೆಯಲ್ಲಿ ಹೆಚ್ಚಾಗಿಯೂ ಮೌಲ್ಯದಲ್ಲಿ ಅಲ್ಪವಾಗಿಯೂ ಇರುವ ವಸ್ತುಗಳು ಸಿ ವರ್ಗಕ್ಕೆ ಸೇರಿದ್ದು ಅವುಗಳಿಗೆ ಗಮನ ಕಡಿಮೆ. ನೆಕ್ಸ್‌ಪೀರಿಯಾ ಸರಕು ಅಪ್ಪಟ ಸಿ ವರ್ಗದ್ದು. ಆಸ್ಪತ್ರೆಗಳ ಔಷಧ ಉಗ್ರಾಣಗಳಲ್ಲಿ ಬಳಸುವ ಮತ್ತೊಂದು ಕ್ರಮ ವಿ.ಇ.ಡಿ. ವಿಶ್ಲೇಷಣೆ: ಪ್ರಾಣಾಧಾರವಾದುದು, ಅವಶ್ಯಕವಾದುದು, ಇದ್ದರೆ ಒಳಿತಾದುದು. ಆ ಕ್ರಮದಲ್ಲಿ ಅಳೆದಿದ್ದರೆ ಇದೇ ಬಿಡಿಭಾಗ ಮೊದಲನೆಯ ವರ್ಗಕ್ಕೆ ಸೇರುತ್ತಿತ್ತು. ಬೇಕಾದಾಗ ಬೇಕಾದಷ್ಟೇ ತರಿಸಿಕೊಂಡು ದಾಸ್ತಾನಿನಲ್ಲಿ ಬಂಡವಾಳ ತೊಡಗಿಸದಿರುವ ಪದ್ಧತಿಗೆ ಕಾರು ಕಂಪನಿಗಳು ಹೆಸರಾದವು. 2021ರ ಚಿಪ್ ಅಭಾವದಲ್ಲಿ, ಭಾರತದಲ್ಲಿಯೂ ಕಾರು ಕಾಯ್ದಿರಿಸಿದವರು ತಿಂಗಳುಗಟ್ಟಲೆ ಕಾಯಬೇಕಾಗಿ ಬಂದಾಗ, ಈ ಪದ್ಧತಿಯ ಅಪಾಯ ಎಲ್ಲರಿಗೂ ಮನವರಿಕೆಯಾಗಿತ್ತು. ಎರಡು ರೂಪಾಯಿಯ ವಸ್ತುವನ್ನು ಆರು ತಿಂಗಳಿಗಾಗುವಷ್ಟು ಸಂಗ್ರಹಿಸಿಡಲು ತಗಲುವ ಬಡ್ಡಿ ನಗಣ್ಯ. ಆದರೂ ಅನೇಕ ಕಂಪನಿಗಳ ಬಳಿ ನಾಲ್ಕಾರು ವಾರಗಳ ದಾಸ್ತಾನು ಮಾತ್ರ ಇತ್ತೆಂಬುದು 2025ರಲ್ಲಿ ಕಂಡುಬಂದಿತು. ಇದನ್ನು ಚೀನಾದ ತಪ್ಪೆಂದಾಗಲಿ ನೆದರ್‌ಲ್ಯಾಂಡ್ಸ್‌ನ ತಪ್ಪೆಂದಾಗಲಿ ಹೇಳಲಾಗದು.

ಬೇರೊಬ್ಬ ತಯಾರಕರಿಂದ ಕೊಂಡುಕೊಳ್ಳಬಾರದೇ ಎಂಬ ಪ್ರಶ್ನೆ ಸಹಜ. ತಯಾರಕರು ಇದ್ದಾರೆ. ಆದರೆ ವಾಹನಗಳಲ್ಲಿ ಬಳಸುವ ಪ್ರತಿಯೊಂದು ಬಿಡಿಭಾಗವೂ ಶಾಖ, ಶೀತ, ಕಂಪನಗಳ ಪರೀಕ್ಷೆಯಲ್ಲಿ ಉತ್ತೀರ್ಣವಾಗಿ, ಆಯಾ ಕಾರಿನ ಆಯಾ ಭಾಗಕ್ಕೆ ಅನುಮೋದನೆ ಪಡೆದಿರಬೇಕು. ಮೂಲ ಬಿಡಿಭಾಗದ ಬದಲಿಗೆ ಇನ್ನೊಂದನ್ನು ಕೂರಿಸಲು ಮರುಪರೀಕ್ಷೆಗೆ ತಿಂಗಳುಗಳೇ ಬೇಕು. ಸುರಕ್ಷತೆಯ ದೃಷ್ಟಿಯಿಂದ ಈ ನಿಯಮ ಇರಬೇಕಾದದ್ದೇ. ಜೊತೆಗೆ, ಕಾರು ಕಂಪನಿಯು ಈ ಬಿಡಿಭಾಗವನ್ನು ನೇರವಾಗಿ ಕೊಳ್ಳುವುದೂ ಇಲ್ಲ. ಬಿಡಿಭಾಗ ಅಳವಡಿಸಿದ ಜೋಡಣೆಯನ್ನು ಪೂರೈಕೆದಾರರಿಂದ, ಆ ಪೂರೈಕೆದಾರರು ಮತ್ತೊಬ್ಬರಿಂದ ಕೊಳ್ಳುತ್ತಾರೆ. ಹೀಗಾಗಿ ತಮ್ಮ ವಾಹನದಲ್ಲಿ ನೆಕ್ಸ್‌ಪೀರಿಯಾ ಸರಕು ಎಲ್ಲೆಲ್ಲಿದೆ ಎಂಬುದನ್ನು ಪತ್ತೆಹಚ್ಚುವುದೇ ಕಂಪನಿಗಳಿಗೆ ಮೊದಲ ಕೆಲಸವಾಯಿತು.

ತಾತ್ಕಾಲಿಕ ಶಮನ

ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಅಮೆರಿಕ ಮತ್ತು ಚೀನಾ ಅಧ್ಯಕ್ಷರ ಭೇಟಿ ನಡೆಯಿತು. ತರುವಾಯ ಅಮೆರಿಕವು ಶೇ. 50ರ ನಿಯಮವನ್ನು ನವೆಂಬರ್ 10ರಿಂದ ಒಂದು ವರ್ಷದ ಅವಧಿಗೆ ತಡೆಹಿಡಿಯಿತು. ಚೀನಾವು ನಾಗರಿಕ ಬಳಕೆಯ ಸರಕಿಗೆ ರಫ್ತು ವಿನಾಯಿತಿ ನೀಡಿತು. ನವೆಂಬರ್ 19ರಂದು ಸಚಿವ ಕಾರೆಮನ್ಸ್ ತಮ್ಮ ಆದೇಶವನ್ನು ಅಮಾನತಿನಲ್ಲಿರಿಸಿದರು. ಎರಡು ದೊಡ್ಡ ರಾಷ್ಟ್ರಗಳ ಮಾತುಕತೆಯಲ್ಲಿ ಯುರೋಪಿನ ಒಂದು ಸರ್ಕಾರದ ಆದೇಶವೂ, ಒಂದು ಕಂಪನಿಯ ಭವಿಷ್ಯವೂ ಕೊಡು-ಕೊಳ್ಳುವಿಕೆಯ ಬಾಬತ್ತುಗಳಾದವು ಎಂಬುದು ನೆದರ್‌ಲ್ಯಾಂಡ್ಸ್‌ನಲ್ಲಿ ಟೀಕೆಗೆ ಒಳಗಾಯಿತು. ಸಚಿವರ ಆದೇಶ ಅಮಾನತಾದರೂ ನ್ಯಾಯಾಲಯದ ಆದೇಶ ಹಾಗೆಯೇ ಉಳಿಯಿತು ಎಂಬ ಭೇದವನ್ನು ಇಲ್ಲಿ ಗಮನಿಸಬೇಕು. ಷೇರುಗಳು ಪಾಲಕರ ವಶದಲ್ಲಿಯೇ ಮುಂದುವರಿದವು. ಚೀನಾದ ಆಕ್ಷೇಪಣೆ ಮುಖ್ಯವಾಗಿ ಈ ಆದೇಶದ ಮೇಲೆ ಕೇಂದ್ರೀಕೃತವಾಯಿತು.

ಭಾರತದ ಮಟ್ಟಿಗೆ

ಭಾರತ ಸರ್ಕಾರವು 2020ರ ಏಪ್ರಿಲ್ 17ರಂದು, ಭೂಗಡಿ ಹಂಚಿಕೊಂಡ ದೇಶಗಳಿಂದ ಬರುವ ನೇರ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿ ಪ್ರಕಟಣೆ ಹೊರಡಿಸಿತ್ತು. ಹಣ ಬಂದ ಮೇಲೆ ತಕರಾರು ತೆಗೆಯುವುದಕ್ಕಿಂತ ಬರುವ ಮುನ್ನವೇ ಪರಿಶೀಲಿಸುವುದು ಇದರ ಉದ್ದೇಶ. ನ್ಯೂಪೋರ್ಟ್ ಪ್ರಕರಣದಲ್ಲಿ ನಡೆದದ್ದನ್ನು ಗಮನಿಸಿದಲ್ಲಿ ಈ ಕ್ರಮಕ್ಕೆ ಇರುವ ಅನುಕೂಲ ಅರ್ಥವಾಗುತ್ತದೆ.

ಚಿಪ್ ತಯಾರಿಕೆಯ ವಿಷಯದಲ್ಲಿ ಸಾರ್ವಜನಿಕ ಚರ್ಚೆಯು ಸಾಮಾನ್ಯವಾಗಿ ವೇಫರ್ ಕಾರ್ಖಾನೆಯ ಸುತ್ತಲೇ ತಿರುಗುತ್ತದೆ. ಪ್ಯಾಕೇಜಿಂಗ್ ಘಟಕವೆಂದರೆ ಕೇವಲ ಕೈಕೆಲಸ, ಕೊನೆಯ ಹಂತ ಎಂಬ ಅಸಡ್ಡೆಯೂ ಇದೆ. ಯುರೋಪಿನ ಬಳಿ ವಿನ್ಯಾಸವೂ ಇತ್ತು, ವೇಫರ್ ಕೂಡ ಇತ್ತು. ಇಲ್ಲದೆ ಹೋದದ್ದು ಆ ಕೈಕೆಲಸವೇ. ಈ ಹಿನ್ನೆಲೆಯಲ್ಲಿ, ಮೈಸೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಕೇನ್ಸ್ ಸಮೂಹವು ಗುಜರಾತಿನ ಸಾಣಂದದಲ್ಲಿ ಸುಮಾರು 3,300 ಕೋಟಿ ರೂಪಾಯಿ ವೆಚ್ಚದಲ್ಲಿ, ದಿನಕ್ಕೆ 60 ಲಕ್ಷ ಚಿಪ್‌ಗಳ ಸಾಮರ್ಥ್ಯದ ಪ್ಯಾಕೇಜಿಂಗ್ ಘಟಕ ಸ್ಥಾಪಿಸಲು 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟದ ಅನುಮೋದನೆ ಪಡೆದದ್ದೂ, ಅದೇ ವರ್ಷದ ಫೆಬ್ರವರಿಯಲ್ಲಿ ಅಸ್ಸಾಮಿನ ಜಾಗೀರೋಡ್‌ನಲ್ಲಿ ಟಾಟಾ ಸಮೂಹದ ಘಟಕಕ್ಕೆ ಒಪ್ಪಿಗೆ ದೊರೆತದ್ದೂ ಹೊಸ ಅರ್ಥ ಪಡೆದುಕೊಳ್ಳುತ್ತವೆ. ಚಿಪ್ ವಿನ್ಯಾಸದಲ್ಲಿ ಬೆಂಗಳೂರು ಗಳಿಸಿರುವ ಹೆಸರು ದೊಡ್ಡದು. ಆದರೆ ವಿನ್ಯಾಸವು ಮೂಲತಃ ಕಾಗದಕ್ಕೆ, ಕಂಪ್ಯೂಟರಿಗೆ ಸೇರಿದ ಕೆಲಸ. ತಡೆ ಬಿದ್ದಾಗ ಬೆಲೆ ಬರುವುದು ಸರಕನ್ನು ಸಿದ್ಧಪಡಿಸುವ ಕೈಗೆ.

ಪ್ರಸ್ತುತ ಪ್ರಕರಣದಲ್ಲಿ, ಆಮ್‌ಸ್ಟರ್‌ಡ್ಯಾಂನ ಉದ್ಯಮ ಪೀಠವು 2026ರ ಫೆಬ್ರವರಿ 11ರಂದು ನೆಕ್ಸ್‌ಪೀರಿಯಾ ಆಡಳಿತದ ಬಗ್ಗೆ ವಿಧ್ಯುಕ್ತ ತನಿಖೆಗೆ ಆದೇಶಿಸಿ, ಝಾಂಗ್ ಅವರ ಅಮಾನತನ್ನು ಮುಂದುವರಿಸಿತು. ತನಿಖೆಗೆ ಆರು ತಿಂಗಳಿಗೂ ಹೆಚ್ಚು ಕಾಲ ಬೇಕಾಗಬಹುದೆಂದು ಆಗ ಅಂದಾಜಿಸಲಾಯಿತು. ಆ ದಿನಾಂಕಕ್ಕೆ ನೈಮೇಖನ್ ಕಚೇರಿಯೂ ಡಾಂಗ್‌ಗುವಾನ್ ಘಟಕವೂ ನೆಕ್ಸ್‌ಪೀರಿಯಾ ಎಂಬ ಒಂದೇ ಹೆಸರಿನ ಫಲಕದಡಿ, ಒಂದರ ಸೂಚನೆಯನ್ನು ಮತ್ತೊಂದು ಮಾನ್ಯ ಮಾಡದೆ ಕಾರ್ಯನಿರ್ವಹಿಸುತ್ತಿದ್ದವು.